ನದಿಯಲ್ಲಿ ಪೈಕ್‌ಗೆ ಯಾವ ರಿಗ್? ಲೆಡ್ಜರ್, ಪೇಟರ್‌ನಾಸ್ಟರ್, ಇಲ್ಲಾ ಹರಿಬಿಡುವ ಬೆಂಡು?

ಹೊಳೆದಂಡೆ:
ಪೈಕ್ ಎಂಬ ಚೂಪು ಹಲ್ಲಿನ ಬೇಟೆಗಾರ ಮೀನಿಗೆ ಗಾಳ ಹಾಕುತ್ತಿದ್ದೇನೆ. ನಿಂತ ನೀರಿನಲ್ಲಿ ಚೆನ್ನಾಗಿ ನಡೆಯುವ ರನ್ನಿಂಗ್ ಲೆಡ್ಜರ್ (ಸೀಸ ತಳದಲ್ಲಿ ಕೂತು ದಾರ ಜಾರುವಂಥ ರಿಗ್, ಅಂದರೆ ದಾರದ ತುದಿಯ ಕಟ್ಟು) ನದಿಯಲ್ಲಿ ಕೈಕೊಡುತ್ತಿದೆ. 60 ಗ್ರಾಂ ಸೀಸ ಒಂದೆಡೆ ನಿಲ್ಲದೆ ಉರುಳುತ್ತದೆ, ದಾರಕ್ಕೆ ಎಲೆ-ಕಸ ಕಟ್ಟಿಕೊಳ್ಳುತ್ತದೆ, ಮೀನು ಮುಟ್ಟಿತೋ ಕಸ ಎಳೆಯಿತೋ ತಿಳಿಯುವುದಿಲ್ಲ.

ಜಾಗ ಹೀಗಿದೆ: ನದಿಯ ಅಗಲ ಸುಮಾರು 30 ಮೀಟರ್, ಆಳ 2ರಿಂದ 3.5 ಮೀಟರ್. ನಡುನೀರಿನಲ್ಲಿ ಒಳ್ಳೆಯ ಸೆಳವು. ಈಚೆ ದಡದ ಒಳತಿರುವಿನಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆಚೆ ದಡದಲ್ಲಿ ಮರಗಳು ನೀರಿಗೆ ಬಾಗಿವೆ. ತಳದಲ್ಲಿ ಅಲ್ಲಲ್ಲಿ ಕೊಂಬೆ, ಕಲ್ಲು. ರಾಡ್ 12 ಅಡಿ, 2.75 ಪೌಂಡ್ ಟೆಸ್ಟ್ ಕರ್ವ್ (ರಾಡಿನ ಗಡಸುತನದ ಅಳತೆ). ದಾರ 15 ಪೌಂಡ್ ಮೋನೋ (ಒಂದೇ ಎಳೆಯ ನೈಲಾನ್). ಎರೆಯಾಗಿ ಬಳಸುವುದು ಸತ್ತ ಮೀನು ಮಾತ್ರ.

ಯಾವ ರಿಗ್ ಕಟ್ಟಬೇಕು? ಟ್ರೇಸ್ (ಹುಕ್ ಕಟ್ಟುವ ತಂತಿಯ ತುಂಡು) ಎಷ್ಟು ಉದ್ದ, ಹುಕ್ ಯಾವ ಸೈಜ್, ಸೀಸ ಎಷ್ಟು ಅಂತ ಲೆಕ್ಕ ಸಮೇತ ಹೇಳಿದರೆ ಉಪಕಾರ.

ಬೆಂಡುಗಾರ:
ರಿಗ್ ಆಮೇಲೆ ನೋಡೋಣ, ಮೊದಲು ಮೀನು ಎಲ್ಲಿದೆ ನೋಡಿ. ಪೈಕ್ ಹೊಂಚು ಹಾಕಿ ಹಿಡಿಯುವ ಮೀನು. ಸೆಳವಿನ ವಿರುದ್ಧ ಇಡೀ ದಿನ ಈಜುತ್ತಾ ನಿಲ್ಲುವ ಮೈಕಟ್ಟು ಅದಕ್ಕಿಲ್ಲ. ಹಾಗಾಗಿ ಸೆಳವು ಮತ್ತು ನಿಂತ ನೀರು ಕೂಡುವ ಗೆರೆ, ತಿರುವಿನ ಒಳಮಗ್ಗುಲು, ಸೇತುವೆ ಕಂಬದ ಹಿಂದಿನ ಸುಳಿ, ಉಪನದಿ ಸೇರುವ ಬಾಯಿ, ಜೊಂಡಿನ ಅಂಚು, ಬಾಗಿದ ಮರದ ಕೆಳಗೆ ಇಂಥ ಕಡೆ ಮಲಗಿರುತ್ತದೆ. ನೀರು ತಣ್ಣಗಾದಷ್ಟೂ, ಏರಿದಷ್ಟೂ ನಿಂತ ನೀರಿನ ಒಳಗೆ ಸರಿಯುತ್ತದೆ. ನಡುನೀರಿಗೆ ಎಸೆದು 60 ಗ್ರಾಂ ನಿಲ್ಲಲಿಲ್ಲ ಎಂದರೆ ಆ ಜಾಗದಲ್ಲಿ ಬಹುಪಾಲು ಪೈಕ್ ಕೂಡ ನಿಲ್ಲುವುದಿಲ್ಲ.

ನೀವು ಹೇಳಿದ ಒಳತಿರುವಿಗೆ ಫ್ಲೋಟ್ ಲೆಡ್ಜರ್ (ಬೆಂಡು ಸೇರಿಸಿದ ಲೆಡ್ಜರ್) ಸಾಕು. ಕಟ್ಟುವ ಕ್ರಮ ಇದು. ಮೇನ್ ಲೈನಿಗೆ ತಡೆಗಂಟು, ಅದರ ಕೆಳಗೆ ಸಣ್ಣ ಮಣಿ. ಆಮೇಲೆ ಬುಡದಲ್ಲಿ ಮಾತ್ರ ದಾರ ಹಾಯುವ ಪೆನ್ಸಿಲ್ ಬೆಂಡು. ಆಮೇಲೆ ದಾರದ ಮೇಲೆ ಜಾರುವ ದೊಡ್ಡ ಕಣ್ಣಿನ ಉಂಗುರ (ರನ್ ರಿಂಗ್), ಅದಕ್ಕೆ 40ರಿಂದ 60 ಗ್ರಾಂ ಸೀಸ. ನಂತರ ರಬ್ಬರ್ ಮಣಿ, ಕೊನೆಗೆ ಟ್ರೇಸಿನ ಸ್ವಿವೆಲ್ (ತಿರುಗುವ ಕೊಂಡಿ). ತಡೆಗಂಟನ್ನು ಆಳಕ್ಕಿಂತ ಸುಮಾರು 1 ಮೀಟರ್ ಮೇಲೆ ಇಡಿ. ಎಸೆದ ಮೇಲೆ ಬೆಂಡು ಅರ್ಧ ಮುಳುಗಿ ಓರೆಯಾಗಿ ನಿಲ್ಲುವವರೆಗೆ ದಾರ ಬಿಗಿ ಮಾಡಿ. ಆಳ ಮತ್ತು ತಡೆಗಂಟು ಸಮವಾಗಿದ್ದರೆ ಸ್ವಲ್ಪ ಹರಿವಿಗೂ ಬೆಂಡು ಮುಳುಗಿಹೋಗುತ್ತದೆ. ಹೊಸಬರು ಅದನ್ನೇ ಮೀನು ಅಂದುಕೊಳ್ಳುತ್ತಾರೆ.

ಇದರ ದೊಡ್ಡ ಲಾಭ ಎಂದರೆ ಎರೆಯನ್ನು ಪೈಕ್ ಬಾಯಿಗೆ ಹಾಕಿ ನಿಂತಲ್ಲೇ ನಿಂತರೂ ಬೆಂಡು ಹೇಳಿಬಿಡುತ್ತದೆ. ಒಮ್ಮೆ ಕುಣಿದು ಓರೆಯಾಗಿ ಸರಿಯುತ್ತದೆ, ಇಲ್ಲವೇ ಮೀನು ನಮ್ಮ ಕಡೆ ಬಂದರೆ ಮಲಗಿಬಿಡುತ್ತದೆ.

ಸೆಳವು:
ಒಳತಿರುವಿನ ಮಾತು ಒಪ್ಪಿದೆ, ಆದರೆ ಎಲೆ ಉದುರುವ ಕಾಲದಲ್ಲಿ ಫ್ಲೋಟ್ ಲೆಡ್ಜರ್ ಹಿಂಸೆ. ನೀರಿನ ಮೇಲ್ಮೈಯಲ್ಲಿ ಬೆಂಡಿನಿಂದ ರಾಡ್ ತುದಿಯವರೆಗೆ ದಾರ ಮಲಗಿರುತ್ತದೆ, ತೇಲಿ ಬರುವ ಪ್ರತಿ ಎಲೆಯೂ ಅದಕ್ಕೇ ಸಿಗುತ್ತದೆ. ಹತ್ತು ನಿಮಿಷದಲ್ಲಿ ಸೀಸ ಜರುಗುತ್ತದೆ. 10-12 ಮೀಟರಿಗಿಂತ ದೂರ ಇದ್ದರೆ ಬೆಂಡು ಬಿಡಿ, ಬರೀ ಲೆಡ್ಜರ್ ಹಾಕಿ.

ಬದಲಾಯಿಸಬೇಕಾದ್ದು ಮೂರು. ಸೀಸ 85ರಿಂದ 110 ಗ್ರಾಂ, ಚಪ್ಪಟೆ ಆಕಾರದ್ದು. ದುಂಡಗಿನದು, ಪೇರಲೆ ಆಕಾರದ್ದು ಉರುಳುತ್ತದೆ. ರಾಡ್ ಅನ್ನು ನೆಲಕ್ಕೆ ಸಮನಾಗಿ ಇಡುವ ಬದಲು ತುದಿ ಆಕಾಶ ನೋಡುವಂತೆ ಎತ್ತಿ ನಿಲ್ಲಿಸಿ, ನೀರಿನೊಳಗೆ ಇರುವ ದಾರ ಆದಷ್ಟು ಕಡಿಮೆ ಆಗಲಿ. ಮತ್ತು ಸೀಸ ತಳ ಮುಟ್ಟಿದ ಮೇಲೆ ಒಂದೆರಡು ಮೀಟರ್ ದಾರ ಬಿಟ್ಟು ಕೆಳಹರಿವಿನ ಕಡೆಗೆ ಬಿಲ್ಲಿನಂತೆ ಬಾಗಲು ಬಿಡಿ. ನೇರ ಬಿಗಿದ ದಾರಕ್ಕೆ ಬೀಳುವ ಒತ್ತಡ ಪೂರಾ ಸೀಸದ ಮೇಲೆ ಹೋಗುತ್ತದೆ; ಬಿಲ್ಲು ಬಾಗಿದ ದಾರ ಸೀಸವನ್ನು ಓರೆಯಾಗಿ ಎಳೆಯುವುದರಿಂದ ಅದು ತಳಕ್ಕೆ ಕಚ್ಚಿ ನಿಲ್ಲುತ್ತದೆ. ಅಷ್ಟೇ ಮುಖ್ಯವಾಗಿ, ಮೀನು ಸೀಸ ಕದಲಿಸಿದ ಕೂಡಲೇ ಆ ಬಿಲ್ಲು ಸಡಿಲವಾಗಿ ರಾಡ್ ತುದಿ ನೆಟ್ಟಗಾಗುತ್ತದೆ.

ಕೊಂಬೆ-ಕಲ್ಲು ಇದೆ ಎಂದಿರಿ. ಸೀಸವನ್ನು ರನ್ ರಿಂಗಿಗೆ ನೇರ ಕಟ್ಟಬೇಡಿ. ನಡುವೆ 15ರಿಂದ 20 ಸೆಂ.ಮೀ. ದುರ್ಬಲ ದಾರ ಇರಲಿ. ಮೇನ್ ಲೈನ್ 15 ಪೌಂಡ್ ಇದ್ದರೆ ಅದು 6ರಿಂದ 8 ಪೌಂಡ್. ಸೀಸ ಸಿಕ್ಕಿಕೊಂಡರೆ ಅದೊಂದೇ ಹರಿದು ಹೋಗುತ್ತದೆ, ಮೀನು ಕೈಗೆ ಬರುತ್ತದೆ. ಒಂದು ಎಚ್ಚರ: ದುರ್ಬಲ ದಾರ ಇಟ್ಟು 100 ಗ್ರಾಂ ಸೀಸವನ್ನು ಜೋರಾಗಿ ಬೀಸಿದರೆ ಎಸೆಯುವಾಗಲೇ ಹರಿಯುತ್ತದೆ. ಮೆಲ್ಲಗೆ ತೂಗಿ ಎಸೆಯಿರಿ.

ತಂತಿಕಟ್ಟು:
ಟ್ರೇಸಿನ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ಮೇಲಿನ ಎಲ್ಲಕ್ಕಿಂತ ಅದು ಮೊದಲು ಬರಬೇಕು. ತಂತಿ ಇಲ್ಲದೆ ಪೈಕ್‌ಗೆ ಎರೆ ಹಾಕಲೇಬಾರದು. ಮೋನೋ ಆಗಲಿ ಬ್ರೇಡ್ (ಹೆಣೆದ ದಾರ) ಆಗಲಿ ಅದರ ಹಲ್ಲಿಗೆ ಒಂದು ಕ್ಷಣ ಸಾಕು. ದಾರ ಹರಿದ ಮೀನು ಎರಡು ಟ್ರೆಬಲ್ (ಮೂರು ಮೊನೆಯ) ಹುಕ್ ಬಾಯಲ್ಲಿಟ್ಟುಕೊಂಡು ಹೋಗುತ್ತದೆ.

ಉದ್ದ: ಕಟ್ಟಿ ಮುಗಿದ ಮೇಲೆ 50ರಿಂದ 60 ಸೆಂ.ಮೀ. 30 ಸೆಂ.ಮೀ. ಟ್ರೇಸ್ ಲೂರ್‌ಗೆ (ಕೃತಕ ಎರೆಗೆ) ಸರಿ, ಸತ್ತ ಮೀನಿನ ಎರೆಗೆ ಸಾಲದು. ಎರೆ ಬಾಯಲ್ಲಿ ಇಟ್ಟುಕೊಂಡು ಮೀನು ತಿರುಗಿದಾಗ ಟ್ರೇಸಿನ ಮೇಲಿರುವ ದಾರ ಅದರ ಕೆನ್ನೆಗೆ ತಾಗುತ್ತದೆ.

ತಂತಿ: 7 ಎಳೆಯದ್ದು, 28-30 ಪೌಂಡ್. 49 ಎಳೆಯದ್ದು ಮೆತ್ತಗೆ, ಸುಲಭಕ್ಕೆ ಸುರುಳಿ ಬೀಳುವುದಿಲ್ಲ, ಬೆಲೆ ಹೆಚ್ಚು.

ಹುಕ್: ಎರಡು ಟ್ರೆಬಲ್. 12-13 ಸೆಂ.ಮೀ.ವರೆಗಿನ ಎರೆಗೆ 6ನೇ ಸೈಜ್, ಅದಕ್ಕಿಂತ ದೊಡ್ಡದಕ್ಕೆ 4 (ಸಂಖ್ಯೆ ಇಳಿದಷ್ಟೂ ಹುಕ್ ದೊಡ್ಡದು). ಮೂರು ಮೊನೆಯಲ್ಲಿ ಒಂದಕ್ಕೆ ಮಾತ್ರ ಮುಳ್ಳು ಇರುವ ಹುಕ್ ತೆಗೆದುಕೊಳ್ಳಿ, ಆ ಮೊನೆ ಎರೆಗೆ, ಉಳಿದೆರಡು ಮೀನಿಗೆ. ಸಿಗದಿದ್ದರೆ ಇಕ್ಕಳದಲ್ಲಿ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಎರಡು ಹುಕ್‌ಗಳ ಅಂತರ 6ರಿಂದ 8 ಸೆಂ.ಮೀ.

ಕಟ್ಟುವುದು ಹೀಗೆ: 80 ಸೆಂ.ಮೀ. ತಂತಿ ಕತ್ತರಿಸಿ. ಕೆಳಗಿನ ಹುಕ್‌ಗೆ ಕ್ರಿಂಪ್ (ಒತ್ತಿ ಬಿಗಿಯುವ ಸಣ್ಣ ಲೋಹದ ಕೊಳವೆ) ತೂರಿಸಿ, ತಂತಿಯನ್ನು ಹುಕ್ ಕಣ್ಣಿನಲ್ಲಿ ಎರಡು ಸಲ ಸುತ್ತಿ ಮತ್ತೆ ಕ್ರಿಂಪ್ ಒಳಗೆ ತಂದು, ತುದಿ ಹೊರಗೆ ಇಣುಕದಂತೆ ನೋಡಿ ಒತ್ತಿ. ಒತ್ತುವಾಗ ಕ್ರಿಂಪಿನ ಎರಡು ಅಂಚನ್ನು ಒಂದು ಮಿಲಿಮೀಟರ್‌ನಷ್ಟು ಬಿಟ್ಟು ನಡುವೆ ಮಾತ್ರ ಒತ್ತಬೇಕು. ಅಂಚು ಒತ್ತಿದರೆ ಅದೇ ಚಾಕುವಾಗಿ ತಂತಿಯ ಎಳೆಗಳನ್ನು ಕತ್ತರಿಸುತ್ತದೆ. ಒಳ್ಳೆಯ ಮೀನು ತಲೆ ಕೊಡವಿದಾಗ ಅಲ್ಲೇ ತುಂಡಾಗುವುದು. ಮೇಲಿನ ಹುಕ್ ಅನ್ನು ತಂತಿಗೆ ತೂರಿಸಿ, ಕಾಂಡದ ಸುತ್ತ ನಾಲ್ಕೈದು ಸುತ್ತು ಹಾಕಿ ಮತ್ತೆ ಕಣ್ಣಿನಿಂದ ಹೊರತೆಗೆದರೆ ಬೇಕಾದಂತೆ ಮೇಲೆ ಕೆಳಗೆ ಜರುಗಿಸಬಹುದು. ಮೇಲ್ತುದಿಗೆ 40 ಪೌಂಡಿಗಿಂತ ಗಟ್ಟಿಯಾದ ಸ್ವಿವೆಲ್, ಅದೇ ರೀತಿ ಕ್ರಿಂಪ್.

ಆಮೇಲೆ ಪರೀಕ್ಷೆ. ಹುಕ್ ಅನ್ನು ಗಟ್ಟಿ ಮೊಳೆಗೆ ಸಿಕ್ಕಿಸಿ, ಸ್ವಿವೆಲ್‌ಗೆ ತೂಕದ ಕೊಕ್ಕೆ ಹಾಕಿ 7 ಕೆ.ಜಿ. ಬರುವವರೆಗೆ ನಿಧಾನ ಎಳೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಜಾರಿದರೆ ಇಲ್ಲೇ ಜಾರಲಿ.

ಹೊಳೆದಂಡೆ:
ತುಂಬಾ ಉಪಯೋಗವಾಯಿತು. ಎರಡು ಪ್ರಶ್ನೆ ಉಳಿದಿವೆ. ಎರೆಯನ್ನು ಹುಕ್‌ಗೆ ಯಾವ ದಿಕ್ಕಿಗೆ ಚುಚ್ಚಬೇಕು? ಮೋನೋ ಬಿಟ್ಟು ಬ್ರೇಡ್ ಹಾಕಿದರೆ ಸೆಳವಿನಲ್ಲಿ ಅನುಕೂಲವೇ?

ಮಡುನೀರು:
ತಳದಲ್ಲಿ ಮಲಗುವ ಎರೆಗೆ ಬಾಲ ನಮ್ಮ ಕಡೆ, ತಲೆ ಆಚೆ. ಮೇಲಿನ ಟ್ರೆಬಲ್ಲಿನ ಮುಳ್ಳಿನ ಮೊನೆ ಬಾಲದ ಬುಡದ ಗಟ್ಟಿ ಭಾಗಕ್ಕೆ, ಕೆಳಗಿನದು ಪಕ್ಕೆಯ ನಡುವಿಗೆ, ಎರಡೂ ಒಂದೇ ಮಗ್ಗುಲಿಗೆ. ನಡುವಿನ ತಂತಿ ಸಡಿಲವೂ ಇರಬಾರದು, ಎರೆಯ ಮೈ ಬಾಗುವಷ್ಟು ಬಿಗಿಯೂ ಇರಬಾರದು. ಪೈಕ್ ಅಡ್ಡ ಹಿಡಿದು ಆಮೇಲೆ ತಲೆಯ ಕಡೆಯಿಂದ ನುಂಗುತ್ತದೆ. ಹೀಗೆ ಚುಚ್ಚಿದರೆ ಸ್ಟ್ರೈಕ್ ಮಾಡಿದಾಗ (ಹುಕ್ ಕೂರಿಸಲು ರಾಡ್ ಎಳೆದಾಗ) ಎರೆ ಸುಲಭಕ್ಕೆ ಕಳಚಿ ಬಂದು ಹುಕ್ ಬಾಯಿಯ ಅಂಚಿಗೆ ಕೂರುತ್ತದೆ. ಎಳೆದು ಬಿಟ್ಟು ಈಜಿಸುವ ಎರೆಗೆ ಮಾತ್ರ ಉಲ್ಟಾ: ಮೇಲಿನ ಹುಕ್ ಎರಡು ತುಟಿ ಸೇರಿಸಿ, ತಲೆ ನಮ್ಮ ಕಡೆ.

ಬ್ರೇಡ್ ಖಂಡಿತ ಅನುಕೂಲ. 50 ಪೌಂಡ್ ಬ್ರೇಡ್ 15 ಪೌಂಡ್ ಮೋನೋಗಿಂತ ದಪ್ಪ ಇರುವುದಿಲ್ಲ, ಹಿಗ್ಗುವುದೂ ಇಲ್ಲ. ಹುಕ್ ಕೂರಿಸಲು, ಮರದ ಬೇರಿನಿಂದ ಮೀನನ್ನು ಎಳೆದು ತರಲು ಅದೇ ಬೇಕು. ಆದರೆ ಕಲ್ಲಿಗೆ ಉಜ್ಜಿದರೆ ಬೇಗ ಸವೆಯುತ್ತದೆ. ನಿಮ್ಮ ತಳದಲ್ಲಿ ಕಲ್ಲು ಹೆಚ್ಚಿದ್ದರೆ ಮೋನೋದಲ್ಲೇ ಇರಿ, 18-20 ಪೌಂಡಿಗೆ ಏರಿಸಿ. ಬ್ರೇಡ್ ಹಾಕಿದರೆ ಗಂಟು ಪಾಲೋಮಾರ್, ರೀಲಿನ ಡ್ರ್ಯಾಗ್ (ದಾರ ಬಿಡುವ ಬಿಗಿತ) ಒಂದು ಹಂತ ಸಡಿಲ. ಬೆಂಡಿನ ತಡೆಗಂಟು ಬ್ರೇಡ್ ಮೇಲೆ ಜಾರುತ್ತದೆ. ಅದನ್ನು ಪವರ್ ಗಮ್‌ನಲ್ಲಿ (ಹಿಗ್ಗುವ ದಾರ) ಕಟ್ಟಿ, ಏಳೆಂಟು ಸುತ್ತು ಕೊಟ್ಟು, ಒದ್ದೆ ಮಾಡಿ ಬಿಗಿಯಿರಿ.

ಕೆಸರುನೀರು:
ಆಚೆ ದಡದ ಮರದ ಕೆಳಗಿನ ಜಾಗವನ್ನು ಎಲ್ಲರೂ ಬಿಟ್ಟಿದ್ದೀರಿ. ಅದೇ ಒಳ್ಳೆಯ ಜಾಗ, ಅಲ್ಲಿಗೆ ಬರೀ ಲೆಡ್ಜರ್ ಹಾಕಿದರೆ ಎರೆ ಕೊಂಬೆ-ಕಸದೊಳಗೆ ಹೂತುಹೋಗುತ್ತದೆ. ಮುಳುಗು ಬೆಂಡಿನ ಪೇಟರ್‌ನಾಸ್ಟರ್ (ಸೀಸ ತಳದಲ್ಲಿ ಕೂತು ಎರೆ ಅದರ ಮೇಲೆ ತೂಗುವ ಕಟ್ಟು) ಬೇಕು. ಎಲೆಯ ಕಾಟಕ್ಕೂ ಇದೇ ಮದ್ದು, ಏಕೆಂದರೆ ಬೆಂಡು ಮೇಲ್ಮೈಗಿಂತ 40-60 ಸೆಂ.ಮೀ. ಕೆಳಗೆ ನಿಲ್ಲುತ್ತದೆ, ಕಸ ಅದರ ಮೇಲೆಯೇ ಹಾದುಹೋಗುತ್ತದೆ.

ಮೇಲಿನಿಂದ ಕೆಳಕ್ಕೆ: ತಡೆಗಂಟು, ಮಣಿ, 20-25 ಗ್ರಾಂ ಹೊರುವ ಉಬ್ಬಿದ ಬೆಂಡು, ಮಣಿ, ಮೇಲ್ಟ್ರೇಸ್, ಮೂರು ಕಣ್ಣಿನ ಸ್ವಿವೆಲ್. ಸ್ವಿವೆಲ್‌ನ ಒಂದು ಕಣ್ಣಿಗೆ ಹುಕ್ ಟ್ರೇಸ್, ಇನ್ನೊಂದಕ್ಕೆ ಸೀಸದ ದುರ್ಬಲ ದಾರ.

ಅಳತೆ ತಪ್ಪಿದರೆ ಈ ರಿಗ್ ಪೂರ್ತಿ ಕೆಡುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಹುಕ್ ಟ್ರೇಸ್ 50 ಸೆಂ.ಮೀ. ಎಂದಿಟ್ಟುಕೊಳ್ಳಿ. ಸೀಸದ ದಾರ ಅದಕ್ಕಿಂತ ಉದ್ದ ಇರಬೇಕು, 90 ಸೆಂ.ಮೀ.ನಿಂದ 1.2 ಮೀಟರ್, ಗಿಡ್ಡ ಇದ್ದರೆ ಎರೆ ತಳದಲ್ಲಿ ಹೊರಳಿ ಸೀಸಕ್ಕೇ ಸುತ್ತಿಕೊಳ್ಳುತ್ತದೆ. 90 ಸೆಂ.ಮೀ. ಇಟ್ಟರೆ ಎರೆ ಸುಮಾರು 40 ಸೆಂ.ಮೀ. ಎತ್ತರದಲ್ಲಿ ತೂಗುತ್ತದೆ, ಹರಿವು ಹೆಚ್ಚಿದಂತೆ ಇನ್ನೂ ಮೇಲೇಳುತ್ತದೆ. ಮೇಲ್ಟ್ರೇಸ್ ಕೂಡ ತಂತಿಯದ್ದೇ, ಹುಕ್ ಟ್ರೇಸಿಗಿಂತ ಉದ್ದ, 60-70 ಸೆಂ.ಮೀ. ಎಸೆಯುವಾಗ ಎರೆ ಮೇಲಕ್ಕೆ ಹಾರಿ ಮೇಲಿನ ದಾರಕ್ಕೆ ಸುತ್ತಿಕೊಳ್ಳುವುದು ಈ ರಿಗ್‌ನ ಹುಟ್ಟುಗುಣ; ಅಲ್ಲಿ ಮೋನೋ ಇದ್ದು ಮೀನು ಹಿಡಿದರೆ ಹಲ್ಲು ಸೀದಾ ಮೋನೋ ಮೇಲೆ ಬೀಳುತ್ತದೆ. ಮೇಲ್ಟ್ರೇಸ್ ಇಲ್ಲದ ಪೇಟರ್‌ನಾಸ್ಟರ್ ಕಟ್ಟಲೇಬೇಡಿ.

ಸಿಕ್ಕು ಕಡಿಮೆ ಮಾಡಲು ಸೀಸ ನೀರು ಮುಟ್ಟುವ ಮುನ್ನ ರೀಲಿನ ಅಂಚಿಗೆ ಬೆರಳಿಟ್ಟು ದಾರ ತಡೆಯಿರಿ. ಆಗ ಸೀಸ, ಸ್ವಿವೆಲ್, ಎರೆ ಒಂದೇ ಸಾಲಿನಲ್ಲಿ ನೆಟ್ಟಗೆ ಬೀಳುತ್ತವೆ. ಎರೆ ತಿರುಗಣಿಯಂತೆ ಸುತ್ತಿ ದಾರ ಹೊಸೆದುಕೊಂಡರೆ ತಪ್ಪು ಹುಕ್ ಚುಚ್ಚಿದ ರೀತಿಯಲ್ಲಿದೆ: ಮೀನಿನ ಮೈ ಬಾಗಿದೆ. ಬಿಚ್ಚಿ ನೆಟ್ಟಗೆ ಚುಚ್ಚಿ.

ಸೆಳವು:
ಮೇಲಿನದಕ್ಕೆ ಸೇರಿಸುವುದು ಇಷ್ಟೇ: ಮರದ ಕೆಳಗೆ ಎಂದರೆ ಕೊಂಬೆಯ ಒಳಗೆ ಅಲ್ಲ. ಕೊಂಬೆಯ ಅಂಚಿನಿಂದ ಒಂದೂವರೆ ಎರಡು ಮೀಟರ್ ಈಚೆಗೆ, ಸಾಧ್ಯವಾದರೆ ಮೇಲ್ಹರಿವಿನ ಕಡೆ ಹಾಕಿ. ಪೈಕ್ ಅಷ್ಟು ದೂರ ಬಂದೇ ಬರುತ್ತದೆ. ಒಳಗೆ ಹಾಕಿ ಹುಕ್ ಆದ ಮೀನನ್ನು ಹೊರತರಲಾಗದೆ ದಾರ ಹರಿದರೆ ಹಾನಿ ಮೀನಿಗೆ.

ಬೆಂಡುಗಾರ:
ನೀರು ತಿಳಿಯಾಗಿ, ಹರಿವು ನಿಧಾನ ಇದ್ದರೆ ಹರಿಬಿಡುವ ಬೆಂಡನ್ನು ಮರೆಯಬೇಡಿ. ಕೂತ ಎರೆ ಒಂದು ಮಡುವನ್ನು ನೋಡುವಷ್ಟರಲ್ಲಿ ಇದು ಇಡೀ ದಡ ಹುಡುಕಿಬಿಡುತ್ತದೆ.

ಬೆಂಡು 15-20 ಗ್ರಾಮಿನದು, ಟ್ರೇಸಿನ ಮೇಲೆ 10ರಿಂದ 15 ಗ್ರಾಂ ಪೀಪಾಯಿ ಸೀಸ. ಎರೆ ಸಣ್ಣದು, 10-14 ಸೆಂ.ಮೀ., ನೀರಿನಲ್ಲಿ ಅಡ್ಡಡ್ಡ ತೂಗುವಂತೆ ಒಂದು ಹುಕ್ ಬೆನ್ನಿನ ರೆಕ್ಕೆಯ ಪಕ್ಕಕ್ಕೆ, ಇನ್ನೊಂದು ಕಿವಿರಿನ ಹಿಂದೆ. ಆಳ ಅಳೆದು ಎರೆ ತಳದಿಂದ 30-50 ಸೆಂ.ಮೀ. ಮೇಲೆ ಇರಲಿ. ಬೆಂಡನ್ನು ಹರಿವಿನ ವೇಗಕ್ಕೆ ಬಿಟ್ಟುಬಿಡಬೇಡಿ. ಐದಾರು ಮೀಟರಿಗೊಮ್ಮೆ ದಾರ ತಡೆದು ಹಿಡಿಯಿರಿ: ಬೆಂಡು ನಿಲ್ಲುತ್ತದೆ, ಎರೆ ಮಾತ್ರ ಮುಂದೆ ತೇಲಿ ಮೆಲ್ಲಗೆ ಮೇಲೇಳುತ್ತದೆ. ಪೈಕ್ ಬಹಳ ಸಲ ಹಿಡಿಯುವುದು ಆ ಗಳಿಗೆಯಲ್ಲೇ. ನೀರು ಕದಡಿ ಏರಿದ್ದರೆ ಇದು ವ್ಯರ್ಥ. ಆಗ ವಾಸನೆ ಬಿಡುವ ಎರೆಯನ್ನು ಸುಳಿಯಲ್ಲಿ ಕೂರಿಸುವುದೇ ಸರಿ.

ಜೊಂಡುಹುಲ್ಲು:
ಟ್ರೆಬಲ್ ಬದಲು ಒಂದೇ ದೊಡ್ಡ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ್ದು) ಹಾಕಿದರೆ ಮೀನಿಗೆ ಕಡಿಮೆ ಗಾಯ ಅಲ್ಲವೇ? ಬಿಡಿಸುವುದೂ ಸುಲಭ.

ಮಡುನೀರು:
ಬಿಡಿಸುವುದು ಸುಲಭ, ನಿಜ. ಆದರೆ ಸರ್ಕಲ್ ಹುಕ್ ಕೂರಬೇಕಾದರೆ ಮೊನೆ ಪೂರ್ತಿ ತೆರೆದಿರಬೇಕು, ಮೀನು ಬಾಯಿ ಮುಚ್ಚಿ ಬೇರೆ ಕಡೆ ತಿರುಗಿ ಹೋಗುತ್ತಿರಬೇಕು, ನಾವು ಜಾಡಿಸದೆ ದಾರ ಬಿಗಿ ಮಾಡುತ್ತಾ ಹೋಗಬೇಕು. 10-12 ಸೆಂ.ಮೀ. ಎರೆಯನ್ನು ತುಟಿಗೆ ಚುಚ್ಚಿ ಹಾಕಿದರೆ ನಡೆಯುತ್ತದೆ. 20 ಸೆಂ.ಮೀ. ಮ್ಯಾಕೆರೆಲ್‌ಗೆ ನಡೆಯುವುದಿಲ್ಲ, ಮೀನು ಅಡ್ಡ ಹಿಡಿದಾಗ ಹುಕ್ ಬಾಯಿಯ ಹೊರಗೇ ಇರುತ್ತದೆ. ಆಗ ಜನ ಕಾಯುತ್ತಾರೆ, ಕಾದಷ್ಟೂ ಮೀನು ನುಂಗುತ್ತದೆ. ದೊಡ್ಡ ಎರೆಗೆ ಎರಡು ಟ್ರೆಬಲ್, ತಕ್ಷಣದ ಸ್ಟ್ರೈಕ್, ಇದರಲ್ಲೇ ಮೀನಿಗೆ ಕಡಿಮೆ ಅಪಾಯ.

ತಕ್ಷಣ ಎಂದರೆ ಹೀಗೆ: ಅಲಾರಂ ಕೂಗಿತು, ಡ್ರಾಪ್ ಆರ್ಮ್ (ದಾರಕ್ಕೆ ಸಿಕ್ಕಿಸಿದ ಸೂಚಕದ ಕೈ) ಬಿತ್ತು, ರಾಡ್ ಎತ್ತಿ, ಬೇಲ್ (ರೀಲಿನ ದಾರ ತಡೆಯುವ ಕಮಾನು) ಮುಚ್ಚಿ, ಮೀನಿನ ಭಾರ ಕೈಗೆ ತಿಳಿಯುವವರೆಗೆ ವೇಗವಾಗಿ ಸುತ್ತಿ, ಆಮೇಲೆ ರಾಡನ್ನು ಹಿಂದಕ್ಕೆ ಬಲವಾಗಿ ಎಳೆಯಿರಿ. ದಾರ ಸಡಿಲ ಇರುವಾಗಲೇ ಗಾಳಿಯಲ್ಲಿ ಜಾಡಿಸಿದರೆ ಹುಕ್‌ವರೆಗೆ ಏನೂ ತಲುಪುವುದಿಲ್ಲ. ನದಿಯಲ್ಲಿ ಪೈಕ್ ನಮ್ಮತ್ತ ಈಜಿ ಬರುವುದು ಸಾಮಾನ್ಯ, ಹಾಗಾಗಿ ದಾರ ಬಿಗಿಯಾಗಿದ್ದು ಸಡಿಲವಾದಾಗಲೂ ಬೀಳುವಂಥ ಇಂಡಿಕೇಟರೇ ಬೇಕು. ದಾರ ಹೊರಗೆ ಓಡಿದಾಗ ಮಾತ್ರ ಕೂಗುವ ಅಲಾರಂ ಒಂದನ್ನೇ ನಂಬಿದರೆ ಅರ್ಧ ಮೀನು ಸುದ್ದಿ ಇಲ್ಲದೆ ನುಂಗಿರುತ್ತವೆ.

ಕೆಸರುನೀರು:
ಎರೆಯ ಆಯ್ಕೆ ಕೂಡ ರಿಗ್‌ಗೆ ತಕ್ಕಂತೆ ಇರಬೇಕು. ಸಾರ್ಡಿನ್ ಎಣ್ಣೆ, ವಾಸನೆ ಎರಡರಲ್ಲೂ ಮುಂದು, ಆದರೆ ಮೈ ಬಹಳ ಮೆತ್ತಗೆ. ಹೆಪ್ಪುಗಟ್ಟಿದ ಹಾಗೆಯೇ ಚುಚ್ಚಿ, ಬಾಲದ ಬುಡಕ್ಕೆ ಎಲಾಸ್ಟಿಕ್ ದಾರ ಸುತ್ತಿ, ಹತ್ತಿರಕ್ಕೆ ಎಸೆಯಿರಿ. ದೂರ ಎಸೆಯಬೇಕಾದರೆ ಮ್ಯಾಕೆರೆಲ್ ಬಾಲದ ಅರ್ಧ ಅಥವಾ ಲ್ಯಾಂಪ್ರೆಯ 12-15 ಸೆಂ.ಮೀ. ತುಂಡು, ಎರಡೂ ಗಟ್ಟಿ, ಲ್ಯಾಂಪ್ರೆ ನೀರಿಗೆ ರಕ್ತವನ್ನೂ ಬಿಡುತ್ತದೆ. ಹರಿಬಿಡುವುದಕ್ಕೆ ಸ್ಮೆಲ್ಟ್ ಅಥವಾ ರೋಚ್. ರೋಚ್‌ನಂಥ ಸಿಹಿನೀರಿನ ಮೀನನ್ನು ತಳದಲ್ಲಿ ಕೂರಿಸುವುದಾದರೆ ಗಾಳಿಚೀಲವನ್ನು ಸೂಜಿಯಿಂದ ಚುಚ್ಚಿ, ಇಲ್ಲದಿದ್ದರೆ ತೇಲುತ್ತದೆ. ಜೀವಂತ ಎರೆಗೆ ಐರ್ಲೆಂಡ್ ಸೇರಿ ಹಲವೆಡೆ ನಿಷೇಧ ಇದೆ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಪೈಕ್‌ಗೆ ಗಾಳ ಹಾಕುವಂತೆಯೇ ಇಲ್ಲ. ನಿಮ್ಮ ನೀರಿನ ನಿಯಮ ಮೊದಲು ಓದಿಕೊಳ್ಳಿ.

ತಂತಿಕಟ್ಟು:
ದಡದಲ್ಲಿ ಇವು ಇಲ್ಲದೆ ಎಸೆಯಬೇಡಿ: 30 ಸೆಂ.ಮೀ. ಉದ್ದದ ಫೋರ್ಸೆಪ್ಸ್, ಟ್ರೆಬಲ್ ಕಡಿಯುವಂಥ ಸೈಡ್ ಕಟರ್, ದಪ್ಪ ಚಾಪೆ, ಬಾಯಿ ಅಗಲದ ಬಲೆ. ಬಲೆಯ ಜಾಲ ರಬ್ಬರ್ ಲೇಪದ್ದಾದರೆ ಹುಕ್ ಸಿಕ್ಕುವುದಿಲ್ಲ. ಮೀನನ್ನು ಒದ್ದೆ ಚಾಪೆಯ ಮೇಲೆ ಬೆನ್ನು ಕೆಳಗಾಗಿ ಮಲಗಿಸಿ, ಕಿವಿರಿನ ಮುಚ್ಚಳದ ಒಳಗೆ ಬೆರಳು ಹಾಕಿ ದವಡೆಯ ಮೂಳೆಗೆ ಅಂಟಿಕೊಂಡೇ ಗಲ್ಲದ ಕಡೆ ಜಾರಿಸಿ. ಕೆಂಪು ಕಿವಿರಿಗೆ ಬೆರಳು ತಾಗಬಾರದು. ದವಡೆ ಎತ್ತಿದರೆ ಬಾಯಿ ತಾನಾಗಿ ತೆರೆಯುತ್ತದೆ. ಹುಕ್ ಒಳಗಿದ್ದರೆ ತಂತಿಯನ್ನು ಮೆಲ್ಲಗೆ ಬಿಗಿ ಹಿಡಿದು, ಕಿವಿರಿನ ಸಂದಿನಿಂದ ಫೋರ್ಸೆಪ್ಸ್ ತೂರಿಸಿ ಹುಕ್ಕನ್ನು ತಲೆಕೆಳಗು ಮಾಡಿ. ಬರದಿದ್ದರೆ ಹುಕ್ ಕಡಿಯಿರಿ, ಎಳೆದಾಡಬೇಡಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಪೈಕ್‌ನ ಗೊಡವೆಗೇ ಹೋಗಬೇಡಿ; ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನು ಚೇತರಿಸಿಕೊಳ್ಳುವುದಿಲ್ಲ.

ಹೊಳೆದಂಡೆ:
ಹಾಗಾದರೆ ಈಚೆಯ ತಿರುವಿಗೆ ಫ್ಲೋಟ್ ಲೆಡ್ಜರ್, ಆಚೆಯ ಮರಕ್ಕೆ ಮುಳುಗು ಪೇಟರ್‌ನಾಸ್ಟರ್, ಹೀಗೆ ಎರಡು ರಾಡ್. ಒಂದು ಜಾಗದಲ್ಲಿ ಎಷ್ಟು ಹೊತ್ತು ಕಾಯಬೇಕು?

ಸೆಳವು:
20ರಿಂದ 30 ನಿಮಿಷ. ಏನೂ ಇಲ್ಲವಾದರೆ ಎರೆಯನ್ನು ಎರಡು ಮೂರು ಮೀಟರ್ ಎಳೆದು ಮತ್ತೆ ಕೂರಿಸಿ, ಇನ್ನೊಂದು ಹತ್ತು ನಿಮಿಷ ನೋಡಿ, ಆಮೇಲೆ ಕೆಳಹರಿವಿನ ಮುಂದಿನ ಸುಳಿಗೆ ಹೋಗಿ. ಎರಡು ರಾಡ್ ಎಂದಾಗ ಎರಡೂ ಕೈಗೆಟಕುವಷ್ಟು ಹತ್ತಿರ ಇರಲಿ. ಜಾಗ ಬದಲಿಸುವಾಗಲೆಲ್ಲ ಟ್ರೇಸನ್ನು ಬೆರಳ ನಡುವೆ ಒಮ್ಮೆ ಎಳೆದು ನೋಡಿ. ಸುರುಳಿ ಬಿದ್ದಿದ್ದರೆ, ಒಂದು ಎಳೆ ಎದ್ದು ಬೆರಳಿಗೆ ಚುಚ್ಚಿದರೂ ಸರಿ, ಅದನ್ನು ಕತ್ತರಿಸಿ ಹೊಸದು ಕಟ್ಟಿ.